ಖಾಲಿ ತಕ್ಕಡಿ ಹಿಡಿದ ಹಾಲೆಂಡಿನ ಹೆಂಗಸು

ಹೆಡ್ಮಾಸ್ತರರು ಕೋಣೆಗೆ ಕರೆಸಿದಾಗ, ಅವರ ಕೆಮ್ಮನ್ನು ನಾನು ಅಣಕಿಸಿದ ಸುದ್ದಿ ಮುಟ್ಟಿರಬೇಕು ಎಂದುಕೊಂಡೇ ಹೋದೆ. ಸ್ಟಾಫ್ ರೂಮಿನಲ್ಲಿ ಆ ಕೆಮ್ಮಿನ ಮೂರು ಬಗೆಗಳನ್ನು ನಾನು ಪ್ರದರ್ಶಿಸುತ್ತಿದ್ದೆ: ಇನ್‌ಸ್ಪೆಕ್ಟರು ಬಂದಾಗಿನದು, ಸಂಬಳ ಹಂಚುವ ದಿನದ್ದು, ಇಂಗ್ಲಿಷ್ ಪದ ಮರೆತಾಗಿನದು. ಅವತ್ತು ಅವರು ಕೆಮ್ಮಲೇ ಇಲ್ಲ.

"ಕೂತ್ಕೊಳ್ಳಿ ಡ್ರಾಯಿಂಗ್ ಮೇಷ್ಟ್ರೇ" ಎಂದರು.

ಎರಡು ವರ್ಷದಲ್ಲಿ ನನಗೆ ಆ ಕೋಣೆಯಲ್ಲಿ ಕುರ್ಚಿ ಸಿಕ್ಕಿದ್ದು ಅದೇ ಮೊದಲು. ಏನೋ ಕಾದಿದೆ ಎಂದು ಆಗಲೇ ಗೊತ್ತಾಗಬೇಕಿತ್ತು.

ಮೇಜಿನ ಮೇಲೊಂದು ಬಣ್ಣದ ಚಿತ್ರವಿತ್ತು. ಅದರ ಹಿಂದೊಂದು ಕಥೆ. ನಮ್ಮ ಶಾಲಾ ಕಮಿಟಿಯ ಅಧ್ಯಕ್ಷರು ಅರಸೀಕೆರೆಯ ದೊಡ್ಡ ಕೊಬ್ಬರಿ ಮಂಡಿಯ ಸಾಹುಕಾರರು. ಕೆಲವು ತಿಂಗಳ ಹಿಂದೆ ಹಾಲೆಂಡ್ ದೇಶದ ಹೆಂಗಸೊಬ್ಬಳು ಹಳೇಬೀಡು ನೋಡಲೆಂದು ನಮ್ಮ ಜಂಕ್ಷನ್ನಿನಲ್ಲಿ ರೈಲಿಳಿದು ಬಸ್ಸು ತಪ್ಪಿಸಿಕೊಂಡು ನಿಂತಿದ್ದಳು. ಸಾಹುಕಾರರು ದೊಡ್ಡ ಮನಸ್ಸು ಮಾಡಿ ತಮ್ಮ ಕಾರನ್ನು ಕಳಿಸಿದರು; ಬೆಂಗಳೂರಿಗೆ ಹೋಗಿ ಬರುವಷ್ಟು ಪೆಟ್ರೋಲಿನ ದುಡ್ಡನ್ನು ಇಸಕೊಂಡರು. ಆಕೆ ಊರು ಸೇರಿ ಈ ಚಿತ್ರವನ್ನು ಅಂಚೆಯಲ್ಲಿ ಕಳಿಸಿದ್ದಳು. ಹಿಂಬದಿಯಲ್ಲಿ ಇಂಗ್ಲಿಷಿನಲ್ಲಿ ಒಂದೇ ಸಾಲು: 'ನಿಮ್ಮನ್ನು ಕಂಡಾಗ ನಮ್ಮ ದೇಶದ ಈ ಹಳೆಯ ಚಿತ್ರ ನೆನಪಾಯಿತು.' ಹೆಡ್ಮಾಸ್ತರರು ಅದನ್ನು ಸಾಹುಕಾರರಿಗೆ ಐದು ನಿಮಿಷ ಅನುವಾದ ಮಾಡಿ ಹೇಳಿದ್ದರು. ಅವರ ಪ್ರಕಾರ ಇದು ಹಾಲೆಂಡಿನ ಮಹಾಲಕ್ಷ್ಮಿ. ಅಲ್ಲಿನ ಕುಬೇರರ ಮನೆಗಳಲ್ಲಿ ಮಾತ್ರ ಇರತಕ್ಕದ್ದು.

"ಸಂಕ್ರಾಂತಿ ಕಳೆದ ವಾರಕ್ಕೆ ಅವರ ಹೊಸ ಮಂಡಿ ಓಪನಿಂಗು. ಇದೇ ಚಿತ್ರ ಆಳೆತ್ತರಕ್ಕೆ ಬೇಕಂತೆ, ಮುಖ ಮಾತ್ರ ಅವರ ಮನೆಯ ಅಮ್ಮನವರದ್ದು. ಅವತ್ತು ಸಂಜೆಯೇ ಕಮಿಟಿ ಮೀಟಿಂಗು. ನಿಮ್ಮದಿನ್ನೂ ಟೆಂಪರರಿ ಅಲ್ವೇ?"

"ಎರಡು ವರ್ಷದಿಂದ, ಸಾರ್."

"ನೋಡಿ ಮತ್ತೆ" ಎಂದು ಈಗ ಕೆಮ್ಮಿದರು. ನಾಲ್ಕನೆಯ ಬಗೆ. ನನ್ನ ಸಂಗ್ರಹದಲ್ಲಿ ಇರಲಿಲ್ಲ.

ಅವರು ಬಿಡಿಸಿ ಹೇಳಬೇಕಾಗಿರಲಿಲ್ಲ. ಕೆಲಸ ಖಾಯಂ ಆಗದಿದ್ದರೆ ಬೇಲೂರಿಗೆ ವಾಪಸು. ಅಲ್ಲಿ ದೇವಸ್ಥಾನದ ಆಫೀಸಿನಲ್ಲಿ ಗುಮಾಸ್ತರಾಗಿದ್ದ ಅಪ್ಪ "ನಾನು ಮೊದಲೇ ಹೇಳಿದ್ದೆ" ಎಂಬ ಮಾತನ್ನು ಎರಡು ವರ್ಷದಿಂದ ಬಾಯಲ್ಲೇ ಇಟ್ಟುಕೊಂಡು ಕಾಯುತ್ತಿದ್ದರು. ನಾನು ಮತ್ತೆ ಹಳೇಬೀಡಿಗೆ ಸೈಕಲ್ ತುಳಿದು, ಪ್ರವಾಸಿಗಳೆದುರು ಕೂತು, ನಾಲ್ಕಾಣೆಗೊಂದರಂತೆ ಪೆನ್ಸಿಲ್ ನಂದಿಗಳನ್ನು ಮಾರಬೇಕಿತ್ತು.

ಚಿತ್ರವನ್ನು ಕೋಣೆಗೆ ತಂದು ಎರಡು ದಿನ ಬರೀ ನೋಡಿದೆ. ಕತ್ತಲು ಕತ್ತಲಾದ ಕೋಣೆ. ಎಡಗಡೆ ಎತ್ತರದಲ್ಲಿ ಒಂದೇ ಕಿಟಕಿ. ಅದರಿಂದ ಇಳಿದ ಬೆಳಕು ಮೊದಲು ಹೆಂಗಸಿನ ಹಣೆಗೆ, ಅಲ್ಲಿಂದ ಮುಂಗೈಗೆ, ಮುಂಗೈಯಿಂದ ತಕ್ಕಡಿಯ ದಂಡಿಗೆ ಜಾರಿ, ಕೊನೆಗೆ ಮೇಜಿನ ಮೇಲಿನ ಮುತ್ತುಗಳ ಹತ್ತಿರ ದಣಿದು ನಿಲ್ಲುತ್ತದೆ. ಮೇಜಿನ ಮೇಲೆ ತೆರೆದ ಒಡವೆ ಪೆಟ್ಟಿಗೆ, ನಾಣ್ಯಗಳು, ಹೊಗೆಯಾಡಿ ಆರಿದ ಮೇಣದಬತ್ತಿ, ಮರಳು ಇಳಿಯುವ ಗಾಜಿನ ಗಡಿಯಾರ. ಇಷ್ಟೆಲ್ಲ ಇದ್ದರೂ ಕೈಯಲ್ಲಿರುವ ತಕ್ಕಡಿ ಖಾಲಿ. ದಂಡಿ ದಾರ ಎಳೆದಷ್ಟು ನೇರ. ಆಕೆ ಒಡವೆಯ ಕಡೆ ಕಣ್ಣೆತ್ತಿಯೂ ನೋಡುತ್ತಿಲ್ಲ.

ಮೈಸೂರಿನಲ್ಲಿ ನನಗೆ ಚಿತ್ರ ಕಲಿಸಿದ ಗುರುಗಳಿಗೆ ಕಾಗದ ಬರೆದೆ. ಕಾರ್ಡಿನಲ್ಲಿ ಉತ್ತರ ಬಂತು: 'ಬತ್ತಿ ಆರಿದೆ, ಮರಳು ಇಳಿಯುತ್ತಿದೆ, ಸಿರಿ ಮೇಜಿನ ಮೇಲೆ ಬಿದ್ದಿದೆ. ಆಕೆ ತೂಗಿಕೊಳ್ಳುತ್ತಿರುವುದು ತನ್ನನ್ನೇ. ಅದು ಸಿರಿಯ ಹೊಗಳಿಕೆಯಲ್ಲ, ಸಿರಿವಂತರಿಗೆ ಹಾಕಿದ ಪ್ರಶ್ನೆ. ಬೆಳಕನ್ನು ಕೆಡಿಸಬೇಡ.' ಆ ಹಾಲೆಂಡಿನ ಹೆಂಗಸು ಪೆಟ್ರೋಲಿನ ದುಡ್ಡನ್ನು ಮರೆತಿರಲಿಲ್ಲ ಎಂದು ನನಗಾಗ ಹೊಳೆಯಿತು. ಕಾರ್ಡನ್ನು ಹೆಡ್ಮಾಸ್ತರರಿಗೆ ತೋರಿಸುವಷ್ಟು ಸತ್ಯಸಂಧ ನಾನಲ್ಲ.

ಅವರ ಮನೆಗೆ ಒಯ್ದಾಗ ಸಾಹುಕಾರರು ಚಿತ್ರವನ್ನು ಕಡಲೆಕಾಯಿ ಆರಿಸುವ ಹಾಗೆ ಆರಿಸಿದರು.

"ಮೇಷ್ಟ್ರೇ, ಆರಿದ ದೀಪ ಯಾರ ಮನೇಲಿ ಇಕ್ತಾರ್ರೀ? ಹೊತ್ಸಿ ಅದನ್ನ. ಇದೇನಿದು, ಬುಡುಬುಡುಕೆ?"

"ಗಡಿಯಾರ ಸ್ವಾಮಿ. ಮರಳಿನದು."

"ಮಳ್ಳಿನ ಗಡಿಯಾರ ತಗಂಡು ಏನ್ ಮಾಡಾನ? ತೆಗೀರಿ. ಅಲ್ಲಿ ನಮ್ಮ ರೇಡಿಯೋ ಬರೀರಿ. ಮತ್ತೆ ಈ ತಕ್ಕಡಿ ಯಾಕೆ ಬರಿದು? ಒಂದು ತಟ್ಟೇಲಿ ಬಂಗಾರ ತುಂಬ್ರಿ."

ರೇಡಿಯೋ ಬರೆಯಲು ನನಗೇನೂ ಅಡ್ಡಿಯಿರಲಿಲ್ಲ. ಮಾರಿಕೊಂಡ ಮೇಲೆ ರೇಡಿಯೋ ಆದರೇನು, ಬುಡುಬುಡುಕೆ ಆದರೇನು. ಆದರೆ ತಕ್ಕಡಿ ತುಂಬಿದರೆ ಚಿತ್ರವೇ ಸತ್ತಂತೆ. ನಾನು ತಡವರಿಸುತ್ತಿದ್ದಾಗ ಬಾಗಿಲ ಹಿಂದಿನಿಂದ ಸಾಹುಕಾರಮ್ಮನವರ ದನಿ ಬಂತು:

"ದಿನಾ ಬೆಳಿಗ್ಗೆ ಬರೀ ತಕ್ಕಡಿಗೇ ಅಲ್ವಾ ನೀವು ಕುಂಕುಮ ಇಟ್ಟು ಕೈ ಮುಗ್ಯೋದು? ಅದೇ ಅಂದ್ಕಳ್ಳಿ."

ಮಂಡಿಯ ಪದ್ಧತಿ ಅದು. ಬೆಳಿಗ್ಗೆ ಮೊದಲ ತೂಕಕ್ಕೆ ಮುಂಚೆ ಖಾಲಿ ತಕ್ಕಡಿಯನ್ನು ಎತ್ತಿ ಕಟ್ಟಿ, ದಂಡಿಗೆ ಕುಂಕುಮವಿಟ್ಟು, ಸಾಹುಕಾರರು ಎಲ್ಲರೆದುರು ಕಣ್ಮುಚ್ಚಿ ನಮಸ್ಕರಿಸುತ್ತಾರೆ. ಸಾಹುಕಾರರು ಯೋಚಿಸಿದರು. ದೇವರ ವಿಷಯದಲ್ಲಿ ಹೆಂಡತಿಯ ಮಾತು ಮೀರುವ ಧೈರ್ಯ ಅವರಿಗಿರಲಿಲ್ಲ. "ಆಗ್ಲಿ, ಬರಿದೇ ಇರ್ಲಿ. ಆದ್ರೆ ಆ ಪರದೇಸಿ ತಕ್ಕಡಿ ಬ್ಯಾಡ, ನಮ್ಮಪ್ಪನ ಕಾಲದ್ದು ಹಿತ್ತಾಳೇದು ಐತೆ, ಅದನ್ನೇ ಬರೀರಿ" ಎಂದರು.

ಕೆಲಸ ಶುರುವಾಯಿತು. ಬಡಗಿಯಿಂದ ಚೌಕಟ್ಟು ಮಾಡಿಸಿ, ಒರಟು ಖಾದಿ ಬಟ್ಟೆಯನ್ನು ಬಿಗಿದು, ಮರವಜ್ರದ ಅಂಟು ಕಾಯಿಸಿ ಬಳಿದೆ. ಅದರ ಮೇಲೆ ಶಾಲೆಯ ಸೀಮೆಸುಣ್ಣವನ್ನು ಕುಟ್ಟಿ ಅಂಟಿನಲ್ಲಿ ಕಲಸಿ ಮೂರು ಕೋಟು ಹಾಕಿದೆ. ನಮ್ಮ ಮಕ್ಕಳ ಒಂದು ತಿಂಗಳ ಗಣಿತ ಆ ಬಟ್ಟೆಯ ಮೇಲಿತ್ತು. ಅಚ್ಚಿನ ಚಿತ್ರದ ಮೇಲೆ ಸಣ್ಣ ಚೌಕ, ಬಟ್ಟೆಯ ಮೇಲೆ ದೊಡ್ಡ ಚೌಕ ಎಳೆದು, ಮನೆ ಮನೆಗೆ ಲೆಕ್ಕ ಹಿಡಿದು ಗೆರೆ ಇಳಿಸಿದೆ. ಬಣ್ಣ ಕಲಸಲು ಅಗಸೆ ಎಣ್ಣೆ ಬೇಕು ಎಂದೆ.

"ಅಗಸೆ ಎಣ್ಣೆ ಯಾತಕ್ರೀ? ನಮ್ಮನೇಲಿ ಕೊಬ್ಬರಿ ಎಣ್ಣೆ ಹೊಳೆ ಹರಿದಂಗೆ ಹರೀತೈತೆ. ಊರಿಗೆಲ್ಲ ಎಣ್ಣೆ ಕೊಡೋ ಮನೆ ಚಿತ್ರಕ್ಕೆ ಅಂಗಡಿ ಎಣ್ಣೆ ತಂದ್ರೆ ಜನ ನಗಾಕಿಲ್ವಾ?"

ಕೊಬ್ಬರಿ ಎಣ್ಣೆ ಎಂದೂ ಒಣಗುವುದಿಲ್ಲ. ಮೈಸೂರಿನಲ್ಲಿ ಮೊದಲ ವರ್ಷದ ಹುಡುಗನಿಗೂ ಇದು ಗೊತ್ತು, ನನಗೂ ಗೊತ್ತಿತ್ತು. ಆದರೂ "ಆಗಲಿ ಸ್ವಾಮಿ" ಎಂದೆ. ನನ್ನ ಬೆನ್ನು ಅಷ್ಟು ಸಲೀಸಾಗಿ ಬಾಗುತ್ತದೆಂದು ನನಗೇ ಗೊತ್ತಿರಲಿಲ್ಲ. ಧನುರ್ಮಾಸದ ಚಳಿ. ಬೆಳಿಗ್ಗೆ ಹೋದರೆ ಬಣ್ಣ ಬೆಣ್ಣೆಯಂತೆ ಗಟ್ಟಿ. ಬಿಸಿಲೇರಿದಂತೆ ಕರಗಿ ಅಮ್ಮನವರ ಮೂಗು ಗಲ್ಲದ ಕಡೆ ಪ್ರಯಾಣ ಹೊರಡುತ್ತಿತ್ತು. ಐದನೆಯ ದಿನ ಮಂಡಿಯ ನೊಣಗಳೆಲ್ಲ ಬಂದು, ಚಿತ್ರದಲ್ಲಿ ಅಮ್ಮನವರ ಕೊರಳಿಗೆ ಬರೆದಿದ್ದ ಕಾಸಿನ ಸರಕ್ಕೆ ಅಂಟಿಕೊಂಡವು. ಹೆಡ್ಮಾಸ್ತರರು ನೋಡಿ "ಪ್ರಭಾವಳಿ ಚೆನ್ನಾಗಿದೆ" ಎಂದರು. ಎಣ್ಣೆ ಇಳಿದ ಕಲೆ ಅದು. ನಾನು ಎಲ್ಲವನ್ನೂ ಚಾಕುವಿನಿಂದ ಕೆರೆದು ತೆಗೆದು, ನನ್ನ ದುಡ್ಡಿನಲ್ಲೇ ಅಗಸೆ ಎಣ್ಣೆ ತಂದು, ಕೊಬ್ಬರಿ ಎಣ್ಣೆಯ ಸೀಸೆಯಲ್ಲಿ ತುಂಬಿಟ್ಟುಕೊಂಡು ಮೊದಲಿನಿಂದ ಶುರು ಮಾಡಿದೆ. ಸಾಹುಕಾರರು ಬಂದಾಗಲೆಲ್ಲ ಸೀಸೆ ನೋಡಿ ಮೀಸೆ ತಿರುವುತ್ತಿದ್ದರು. ಹತ್ತು ದಿನ ಹಾಳಾಗಿತ್ತು.

ಅಮ್ಮನವರು ಕೂರುತ್ತಿದ್ದದ್ದು ಬೆಳಿಗ್ಗೆ ಎಂಟರಿಂದ ಶಾಲೆಯ ಗಂಟೆಯ ತನಕ; ಮಂಡಿಯ ತೂಕ ಶುರುವಾಗುತ್ತಿದ್ದದ್ದು ಅದರ ಮೇಲೆ. ಆ ಹೊತ್ತನ್ನು ನಾನೇ ಆರಿಸಿದ್ದೆ. ಹಳೇಬೀಡಿನ ಗೋಡೆಗಳ ಮುಂದೆ ಕೂತು ಕಲಿತ ವಿದ್ಯೆ ಅದು: ಬೆಳಗಿನ ಓರೆ ಬೆಳಕಿನಲ್ಲಿ ಕಲ್ಲಿನ ಆನೆಗಳು ಹೆಜ್ಜೆ ಹಾಕುತ್ತವೆ, ನಡುಹಗಲಿಗೆ ಅವೇ ಆನೆಗಳು ರಾಗಿಮುದ್ದೆ. ಒಂದು ಕಿಟಕಿ ಬಿಟ್ಟು ಮಿಕ್ಕಿದ್ದಕ್ಕೆಲ್ಲ ಗೋಣಿ ಕಟ್ಟಿಸಿದೆ. ತಕ್ಕಡಿ ಹಿಡಿದು ಹಿಡಿದು ಅವರ ಕೈ ಸೋಲುತ್ತಿದ್ದರಿಂದ ಅದನ್ನು ಜಂತೆಯ ಕೊಕ್ಕೆಗೆ ದಾರದಲ್ಲಿ ತೂಗುಹಾಕಿ, ಮೇಲೆ ಬೆರಳು ಮಾತ್ರ ಮುಟ್ಟಿಸಿರಿ ಎಂದೆ.

ಅಲ್ಲಿ ತೊಂದರೆ ಹುಟ್ಟಿತು. ದಂಡಿ ಬರೆದೆ, ಸೊಟ್ಟ. ಅಳಿಸಿ ಬರೆದೆ, ಸೊಟ್ಟ. ದಾರಕ್ಕೆ ಸೀಸದ ಗುಂಡು ಕಟ್ಟಿ ತೂಗುಬಿಟ್ಟು, ಚೌಕದ ಗೆರೆಗಳನ್ನು ಮತ್ತೆ ಅಳೆದೆ. ಗೆರೆಗಳು ಸರಿಯಾಗಿದ್ದವು. ಬಲಗಡೆಯ ತಟ್ಟೆ ಹೆಬ್ಬೆರಳಿನ ಉಗುರಿನಷ್ಟು ಕೆಳಗೇ ಬರುತ್ತಿತ್ತು. ಮೂರು ದಿನ ನನ್ನ ಕಣ್ಣನ್ನು, ನೆಲವನ್ನು, ಜಂತೆಯನ್ನು, ಬಡಗಿಯ ವಂಶವನ್ನು ಬೈದುಕೊಂಡೆ.

ಅಮ್ಮನವರು ಅಲುಗದೆ ಕೂರಲಿ ಎಂದು ನಾನು ಅಣಕದ ಆಟ ಆಡುವುದಿತ್ತು. ಹೆಡ್ಮಾಸ್ತರರ ಕೆಮ್ಮು ಅವರಿಗೆ ಬಲು ಇಷ್ಟ. ನಾಲ್ಕನೆಯ ದಿನ ಅವರೇ ಕೇಳಿದರು:

"ಮೇಷ್ಟ್ರೇ, ನಮ್ಮನೆಯವ್ರು ತಕ್ಕಡಿಗೆ ಕೈ ಮುಗ್ಯೋದು ಮಾಡಿ ನೋಡಾನ."

ಅದನ್ನು ನಾನು ಮಂಡಿಯಲ್ಲಿ ಎಷ್ಟೋ ಸಲ ನೋಡಿದ್ದೆ. ಹೊಟ್ಟೆ ಮುಂದೆ ಮಾಡಿ, ಕಣ್ಣು ಅರೆಮುಚ್ಚಿ, "ಅಮ್ಮಾ ತಾಯೇ, ನ್ಯಾಯ ಕಾಪಾಡವ್ವಾ" ಎಂದು ಮೂಗಿನಲ್ಲಿ ಹಾಡಿ, ಅವರ ಹಾಗೆಯೇ ಎಡಗೈ ಎದೆಗಿಟ್ಟು, ಬಲಗೈಯನ್ನು ಭಕ್ತಿಯಿಂದ ಬಲಗಡೆಯ ತಟ್ಟೆಯ ಅಡಿಗೆ ಕೊಟ್ಟು ಮುಟ್ಟಿ ಕಣ್ಣಿಗೊತ್ತಿಕೊಳ್ಳಲು ಹೋದೆ. ಅವರು ನಗುತ್ತಿದ್ದರು. ನನ್ನ ಕೈ ತಟ್ಟೆಯ ಅಡಿಯಲ್ಲಿತ್ತು.

ದಂಡಿ ನೇರವಾಗಿ ನಿಂತಿತ್ತು.

ಕೈ ತೆಗೆದೆ. ತಟ್ಟೆ ಇಳಿಯಿತು. ಮತ್ತೆ ಕೊಟ್ಟೆ. ನೇರ. ದಾರವನ್ನು ತಿರುಗಿಸಿ ತಕ್ಕಡಿಯ ಬಲವನ್ನು ಎಡ ಮಾಡಿದೆ. ಸೊಟ್ಟವೂ ಎಡಕ್ಕೆ ಬಂತು. ಅಮ್ಮನವರ ನಗು ನಿಂತಿತ್ತು.

"ಅದು ಅಂಗೇ ಕಣಪ್ಪ" ಎಂದರು. "ನಾನು ಮದ್ವೆಯಾಗಿ ಬಂದಾಗ್ಲೂ ಅಂಗೇ ಇತ್ತು. ಮಾವನೋರೂ ಅಂಗೇ ಮುಟ್ಟಿ ಮುಗೀತಿದ್ರು."

ಚೀಲಗಟ್ಟಲೆ ತರುವ ರೈತರಿಗೆ ಮಂಡಿಯಲ್ಲಿ ದೊಡ್ಡ ಕಾಟಾ ಇತ್ತು. ಈ ಹಿತ್ತಾಳೆ ತಕ್ಕಡಿ ಮಡಿಲಲ್ಲಿ ಹತ್ತಿಪ್ಪತ್ತು ಕೊಬ್ಬರಿ ಕಟ್ಟಿಕೊಂಡು ಬರುವ ಹಳ್ಳಿಯ ಹೆಂಗಸರಿಗೆ. ಇಳಿದ ತಟ್ಟೆಯಲ್ಲಿ ತೂಕದ ಕಲ್ಲು. ಅದನ್ನು ಎತ್ತಲು ಆ ಹೆಂಗಸರು ಇನ್ನೆರಡು ಹೋಳು ಹೆಚ್ಚಿಗೆ ಹಾಕಬೇಕು. ಬೆಳಗಿನ ನಮಸ್ಕಾರ ಮುಗಿದರೆ ಕಲ್ಲು ದಿನವಿಡೀ ಆ ತಟ್ಟೆಯಿಂದ ಇಳಿಯುವುದಿಲ್ಲ. ಖಾಲಿ ತಕ್ಕಡಿಯನ್ನು ಜನ ಕಾಣುವುದು ಆ ನಮಸ್ಕಾರದಲ್ಲಿ ಮಾತ್ರ, ಆಗ ಸಾಹುಕಾರರ ಭಕ್ತಿ ಅದರಡಿಯಲ್ಲಿರುತ್ತದೆ.

"ಈಗ ಏನ್ ಬರೀತೀರ?" ಎಂದು ಅಮ್ಮನವರು ಕೇಳಿದರು.

"ಕಂಡದ್ದನ್ನ."

"ಬರೀರಿ, ನೋಡಾನ" ಎಂದರು. ನನ್ನ ಮೇಲೆ ನಂಬಿಕೆಯಿಟ್ಟು ಆಡಿದ ಮಾತಲ್ಲ ಅದು. ಆ ಮನೆಯಲ್ಲಿ ಇಷ್ಟು ವರ್ಷ ಗಂಡಸರ ಮಾತು ಕೇಳಿ ಕೇಳಿ ಬಂದ ದನಿ.

ಬರೆದೆ. ಬಲತಟ್ಟೆ ಇಳಿದದ್ದು ಇಳಿದ ಹಾಗೆಯೇ, ದಂಡಿಯ ಮೇಲೆ ಜಾರುವ ಬೆಳಕು, ಹಿಂದಿನ ಗೋಡೆಯ ಮೇಲೆ ಅದರ ಓರೆ ನೆರಳು. ರೈತರ ಮೇಲಿನ ಕನಿಕರದಿಂದ ಬರೆದೆ ಎಂದರೆ ಸುಳ್ಳಾದೀತು. ಮೂರು ದಿನ ನನ್ನ ಕಣ್ಣನ್ನೇ ನಾನು ಅನುಮಾನಿಸುವಂತೆ ಮಾಡಿದ ವಸ್ತುವಿನ ಮೇಲೆ ಹಗೆ ತೀರಿಸಿಕೊಳ್ಳಬೇಕಿತ್ತು. ಸಾಹುಕಾರರಿಗೆ ಗೊತ್ತೇ ಆಗುವುದಿಲ್ಲ ಎಂಬ ಧೈರ್ಯವೂ ಇತ್ತು.

ಆಗಲೂ ಇಲ್ಲ. ಚಿತ್ರ ಮುಗಿದ ದಿನ ಹೆಡ್ಮಾಸ್ತರರೊಂದಿಗೆ ಬಂದು ಮೊದಲು ಕಾಸಿನ ಸರದ ಎಳೆ ಎಣಿಸಿದರು. ಆಮೇಲೆ ಮುಖದ ಅರ್ಧಕ್ಕೆ ಬೆರಳು ತೋರಿಸಿದರು.

"ಇದೇನ್ರೀ, ಈ ಕಡೆ ಕೆನ್ನೆಗೆ ಮಸಿ?"

"ನೆರಳು ಸ್ವಾಮಿ. ಬೆಳಕು ಒಂದೇ ಕಡೆಯಿಂದ ಬರೋದ್ರಿಂದ..."

"ಒಂದೇ ಕಡೆಯಿಂದ ಯಾಕೆ ಬತ್ತದೆ? ನಮಗೇನು ಬಡತನ ಬಂದೈತಾ? ನಾಕು ಕಡೇನೂ ಟ್ಯೂಬ್‌ಲೈಟ್ ಹಾಕಿದಂಗೆ ಇರಬೇಕು!"

"ಐಶ್ವರ್ಯ ಅಂದ್ರೆ ಬೆಳಕು. ನೆರಳಿಗೇನು ಕೆಲಸ?" ಎಂದು ಹೆಡ್ಮಾಸ್ತರರು ತತ್ವ ಸೇರಿಸಿದರು. ಮೂಲ ಚಿತ್ರ ಬರೆದ ಹಾಲೆಂಡಿನವನು ಆ ಕೆನ್ನೆಯ ಕತ್ತಲಿಗೆ ಎಷ್ಟು ತಿಂಗಳು ಕೂತಿದ್ದನೋ; ನಾನು ಒಂದು ಬೆಳಿಗ್ಗೆಯಲ್ಲಿ ಅದಕ್ಕೆ ಪೌಡರ್ ಬಳಿದೆ. ಗುರುಗಳ ಕಾರ್ಡನ್ನು ಪೆಟ್ಟಿಗೆಯ ತಳಕ್ಕೆ ಹಾಕಿದೆ. ಗೋಡೆಯ ಮೇಲಿನ ನೆರಳು ಅವರ ಕಣ್ಣಿಗೆ ಬೀಳಲಿಲ್ಲ.

ಓಪನಿಂಗಿನ ದಿನ ಹೊಸ ಮಂಡಿಯ ತುಂಬ ಜನ. ಸೇರು ಹೋಗಿ ಕಿಲೋ ಬರುವ ಗಲಾಟೆಯ ಕಾಲ. ಏನು ಹೇಗೆ ತೂಗುತ್ತಾರೋ ಎಂದು ತಿಳಿದುಕೊಳ್ಳಲು ಸುತ್ತಲ ಹಳ್ಳಿಯವರೂ ಬಂದಿದ್ದರು. ಪರದೆ ಸರಿಯಿತು. ಹೆಡ್ಮಾಸ್ತರರು ಹಾಲೆಂಡಿನ ಮಹಾಲಕ್ಷ್ಮಿ ಅರಸೀಕೆರೆಗೆ ದಯಮಾಡಿಸಿದ ಬಗೆಯನ್ನು ಇಪ್ಪತ್ತು ನಿಮಿಷ ವರ್ಣಿಸಿದರು. ಪಟ್ಟಣದವರು ಕಾಸಿನ ಸರ ನೋಡಿದರು, ರೇಡಿಯೋ ನೋಡಿದರು. ಹಳ್ಳಿಯವರು ಇವೆರಡನ್ನೂ ನೋಡಲಿಲ್ಲ. ಮಂಡಿಯಲ್ಲಿ ಅವರು ನೋಡಿ ಅಭ್ಯಾಸವಾದದ್ದು ಒಂದೇ ವಸ್ತು. ಚಿತ್ರದಲ್ಲೂ ಅದನ್ನೇ ನೋಡಿದರು.

ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದ ಮುದುಕಿಯೊಬ್ಬಳು ತಲೆ ಓರೆ ಮಾಡಿದಳು.

"ಏನಪ್ಪ ಇದು? ತಟ್ಟೇಲಿ ಏನೂ ಇಲ್ಲ, ಕಲ್ಲು ಇಕ್ಕೋ ತಟ್ಟೆ ಆಗ್ಲೇ ಇಳಿದೈತಲ್ಲಾ!"

"ಊಂ ಕಣವ್ವ, ಇಳಿದೈತೆ" ಎಂದ ಇನ್ನೊಬ್ಬ. "ಅದು ನಮ್ಮ ಹಿತ್ತಾಳೆ ತಕ್ಕಡಿನೇ ಅಲ್ವೇನ್ಲಾ?"

ನಗು ಹಿಂದಿನ ಸಾಲಿನಿಂದ ಎದ್ದಿತು. ಸಾಹುಕಾರರು ಮೊದಲ ಸಲ ದಂಡಿಯ ಕಡೆ ನೋಡಿದರು. ಮುಖ ಕೆಂಪಾಯಿತು, ಆಮೇಲೆ ಬಿಳಿಚಿತು.

"ಮೇಷ್ಟ್ರೇ! ಒಂದು ಗೆರೆ ನೆಟ್ಟಗೆ ಎಳಿಯಾಕೆ ಬರಾಕಿಲ್ವೇನ್ರೀ ನಿಮಗೆ? ಇಸ್ಕೂಲಲ್ಲಿ ಮಕ್ಕಳಿಗೆ ಇದೇನಾ ಕಲಿಸೋದು?"

ಎಲ್ಲರೂ ನನ್ನ ಕಡೆ ತಿರುಗಿದರು. ತಕ್ಕಡಿ ಹತ್ತು ಮಾರು ದೂರದಲ್ಲಿ, ಒಳಗಿನ ಮೊಳೆಯಲ್ಲಿ ನೇತಾಡುತ್ತಿತ್ತು. 'ತನ್ನಿ ಅದನ್ನ' ಎಂದಿದ್ದರೆ ಸಾಕಿತ್ತು. ಎರಡೇ ಸಣ್ಣ ಪದ. ಹೆಡ್ಮಾಸ್ತರರು ನನ್ನ ಕಿವಿಯಲ್ಲಿ ಬುಸುಗುಟ್ಟಿದರು: "ತಪ್ಪಾಯ್ತು ಅನ್ನಿ. ಸಂಜೆ ಮೀಟಿಂಗಿದೆ."

ಊರಿನ ಎಲ್ಲರ ದನಿಯನ್ನೂ ತೆಗೆಯಬಲ್ಲ ನನ್ನ ಬಾಯಿಂದ ಅವತ್ತು ನನ್ನದೇ ದನಿ ಬಂತು. ಅದನ್ನು ಕೇಳಿ ನನಗೇ ಅಸಹ್ಯವಾಯಿತು.

"ತಪ್ಪಾಯ್ತು ಸ್ವಾಮಿ. ಕೈತಪ್ಪು. ಈಗಲೇ ಸರಿ ಮಾಡ್ತೀನಿ."

ಬಣ್ಣದ ಪೆಟ್ಟಿಗೆ ತರಿಸಿದರು. ಸ್ಟೂಲು ಹತ್ತಿ, ನೂರಾರು ಕಣ್ಣುಗಳ ಮುಂದೆ, ದಾರ ಹಿಡಿದು ಗುರುತು ಹಾಕಿ, ದಂಡಿಯನ್ನು ನೇರ ಮಾಡಿದೆ. ತಟ್ಟೆಯನ್ನು ಉಗುರಿನಷ್ಟು ಮೇಲೆತ್ತಿದೆ. ಕಾಲು ಗಂಟೆಯ ಕೆಲಸ. ಇಳಿಯುವಾಗ ಆ ಮುದುಕಿ ಹೇಳಿದಳು:

"ಅಂಗೇ ಒಳಗಿರೋದಕ್ಕೂ ವಸಿ ಬಣ್ಣ ಬಳ್ದು ಸರಿ ಮಾಡ್ಬುಡಿ ಸ್ವಾಮಿ."

ಹೆಂಗಸರ ಸಾಲಿನಲ್ಲಿದ್ದ ಅಮ್ಮನವರು ನನ್ನ ಪಕ್ಕ ಹಾದುಹೋಗುವಾಗ ಮೆಲ್ಲಗೆ, "ನೆಳ್ಳು ಮರೆತ್ರಿ ಮೇಷ್ಟ್ರೇ" ಎಂದರು. ತಿರುಗಿ ನೋಡಿದೆ. ದಂಡಿ ನೇರವಾಗಿತ್ತು, ಗೋಡೆಯ ಮೇಲೆ ಅದರ ನೆರಳು ಓರೆಯಾಗೇ ಇತ್ತು. ಬೇಕೆಂದೇ ಬಿಟ್ಟೆ ಎಂದು ಈಗ ಹೇಳಿಕೊಳ್ಳಬಹುದು. ನಿಜವಾಗಿ, ಸ್ಟೂಲಿನಿಂದ ಇಳಿಯುವ ಅವಸರದಲ್ಲಿ ಅದರ ನೆನಪೇ ಇರಲಿಲ್ಲ.

ಸಂಜೆ ಕಮಿಟಿ ಸೇರಿತು. ಮರುದಿನ ಖಾಯಂ ಆರ್ಡರು ಕೈಗೆ ಬಂತು. ಸಾಹುಕಾರರು "ತಪ್ಪು ಒಪ್ಕಳೋ ಗುಣ ದೊಡ್ಡದು" ಎಂದು ನನ್ನ ಪರ ಮಾತಾಡಿದರಂತೆ.

ಆಮೇಲೆ ನಡೆದದ್ದು ನಾನು ಎಣಿಸದೆ ಇದ್ದದ್ದು. ಮುಂದಿನ ಸಂತೆಯ ದಿನ ಆ ಮುದುಕಿ ಮಡಿಲಲ್ಲಿ ಕೊಬ್ಬರಿ ತಂದು, ಸುರಿಯದೆ ನಿಂತು, ಗೋಡೆಯ ಕಡೆ ಕೈ ತೋರಿಸಿದಳಂತೆ: "ಸಾವ್ಕಾರ್ರೇ, ಕಲ್ಲು ತೆಗ್ದು ವಸಿ ಪಟದಲ್ಲಿ ಅವ್ವಾರು ಹಿಡ್ದವ್ರಲ್ಲ, ಅಂಗೆ ಹಿಡ್ದು ತೋರ್ಸಿ. ಕೈ ಕೊಡಬ್ಯಾಡಿ." ಅವಳ ಹಿಂದಿನವಳೂ ಅದನ್ನೇ ಕೇಳಿದಳು, ಅವಳ ಹಿಂದಿನವನೂ. ಪಟ ಸುಳ್ಳು ಎನ್ನುವ ಹಾಗಿಲ್ಲ; ನೂರು ಜನರೆದುರು ಅವರೇ ತಿದ್ದಿಸಿದ್ದು. ಪಟ ಇಳಿಸುವ ಹಾಗೂ ಇಲ್ಲ. ಅದರಲ್ಲಿ ಕುಂಕುಮವಿಟ್ಟುಕೊಂಡ ಹೆಂಡತಿ ಇದ್ದಾರೆ. ಎರಡು ಸಂತೆ ಗೊಣಗಿ, ಮೂರನೆಯದಕ್ಕೆ ಸಾಹುಕಾರರು ಸರ್ಕಾರಿ ಮುದ್ರೆಯ ಹೊಸ ತಕ್ಕಡಿ ತರಿಸಿದರು.

ಇದೆಲ್ಲ ನನ್ನ ಯುಕ್ತಿಯೆಂದು ಹಳ್ಳಿಯವರು ತಿಳಿದಿದ್ದಾರೆ. ಒಂದು ದಿನ ಆ ಮುದುಕಿ ಶಾಲೆಯ ಗೇಟಿನ ಹತ್ತಿರ ಕಾದಿದ್ದು, "ನಿಮ್ಮಿಂದ ಬಲೇ ಉಪಕಾರ ಆಯ್ತು ಸ್ವಾಮಿ, ಅವತ್ತು ನಿಮ್ಮನ್ನ ಸಾವ್ಕಾರ್ರಿಗೆ ಹೆದ್ರಿದೋರು ಅಂತ ನಾನೇ ತಪ್ಪು ತಿಳ್ಕಂಡೆ" ಎಂದು ಸೆರಗಿನಿಂದ ಎರಡು ಕೊಬ್ಬರಿ ಬಟ್ಟಲು ತೆಗೆದು ಕೊಟ್ಟಳು. ಅವಳು ಮೊದಲು ತಿಳಿದದ್ದೇ ಸರಿ ಎಂದು ಹೇಳಲು ಬಾಯಿ ತೆರೆದೆ. ಆಮೇಲೆ ಮುಚ್ಚಿಕೊಂಡೆ. ಕೊಬ್ಬರಿ ತೆಗೆದುಕೊಂಡು ಹೋಗಿ, ಕೆಂಪುಮೆಣಸಿನಕಾಯಿ ಹುರಿದು, ಬೆಳ್ಳುಳ್ಳಿ ಹಾಕಿ ಚಟ್ನಿಪುಡಿ ಕುಟ್ಟಿದೆ. ರುಚಿಯಾಗಿಯೇ ಇತ್ತು.